ನಾಲ್ಕರ ಗೆರೆ ತಪ್ಪಿದ ಓದು

2001ರಲ್ಲಿ ಬೆಂಗಳೂರಿನಲ್ಲಿ ಅನಾವರಣಗೊಂಡ ಸಿಂಪ್ಯೂಟರ್ ಹಲವರಿಗೆ ನೆನಪಿರಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳೂ ಸೇರಿ ರೂಪಿಸಿದ ಅಂಗೈ ಕಂಪ್ಯೂಟರ್ ಅದು. ಅದರೊಳಗೆ ಲಿನಕ್ಸ್ ಇತ್ತು, ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಇತ್ತು. ಪಿಸಿಯಲ್ಲಿ ಸಲೀಸಾಗಿ ಓಡುವ ಕೋಡ್ ಇಂಥ ಪ್ರೊಸೆಸರಿನಲ್ಲಿ ಎಡವಬಹುದು. ಅದಕ್ಕೆ ಒಂದು ಮುಖ್ಯ ಕಾರಣ ಅಲೈನ್‌ಮೆಂಟ್.

ಮೆಮೊರಿಯ ಪ್ರತಿ ಬೈಟಿಗೂ ಒಂದು ವಿಳಾಸವಿದೆ. ನಾಲ್ಕು ಬೈಟಿನ ಸಂಖ್ಯೆ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲಿ ಶುರುವಾದರೆ ಪ್ರೊಸೆಸರ್ ಅದನ್ನು ಒಂದೇ ಸಲಕ್ಕೆ ಎತ್ತಿಕೊಳ್ಳುತ್ತದೆ. ಜಯನಗರದ ಒಂದೊಂದು ಕ್ರಾಸಿನಲ್ಲೂ ನಾಲ್ಕೇ ಮನೆಗಳಿವೆ ಎಂದುಕೊಳ್ಳಿ. ಅಂಚೆಯವರು ಒಂದು ಕ್ರಾಸ್ ಹೊಕ್ಕರೆ ನಾಲ್ಕು ಮನೆಗಳ ಕೆಲಸ ಮುಗಿಯುತ್ತದೆ. ಎರಡು ಮನೆ ಈ ಕ್ರಾಸಿನಲ್ಲಿ, ಎರಡು ಮುಂದಿನದರಲ್ಲಿ ಇದ್ದರೆ ಎರಡು ಸಲ ತಿರುಗಬೇಕು. ಪಿಸಿಯ ಪ್ರೊಸೆಸರ್ ಆ ಎರಡನೇ ಸುತ್ತನ್ನು ತಾನೇ ಹಾಕಿಬಿಡುತ್ತದೆ. ಸ್ಟ್ರಾಂಗ್‌ಆರ್ಮ್ ಹಾಕುವುದಿಲ್ಲ. ಇಂಥ ಓದನ್ನು ತಡೆಯುವ ವ್ಯವಸ್ಥೆ ಆನ್ ಆಗಿರದಿದ್ದರೆ, 2ನೇ ವಿಳಾಸದಿಂದ ನಾಲ್ಕು ಬೈಟು ಕೇಳಿದಾಗ 2, 3, 4, 5ರ ಬದಲು 2, 3, 0, 1ನೇ ಬೈಟುಗಳನ್ನು ಕೊಡುತ್ತದೆ. ಯಾವ ದೂರೂ ಇಲ್ಲದೆ ತಪ್ಪು ಸಂಖ್ಯೆ ಒಳಗೆ ಬರುತ್ತದೆ.

ಡ್ರೈವರುಗಳಲ್ಲಿ ಈ ತೊಂದರೆ ಹೆಚ್ಚು. ಅಲ್ಲಿ ಡೇಟಾದ ಆಕಾರ ಹೊರಗಿನಿಂದ ಬಂದದ್ದು, ನಾವು ಬದಲಿಸುವಂತಿಲ್ಲ. ಈಥರ್ನೆಟ್ ಹೆಡರ್ 14 ಬೈಟು. ಅದರ ಹಿಂದೆ ಬರುವ ಐಪಿ ಹೆಡರ್ ನಾಲ್ಕರ ಗೆರೆ ತಪ್ಪಿಯೇ ಕೂರುತ್ತದೆ. ಮೆಮೊರಿ ಕಾರ್ಡಿನ ಫ್ಯಾಟ್ ವ್ಯವಸ್ಥೆಯಲ್ಲಿ ಸೆಕ್ಟರಿನ ಗಾತ್ರ ತಿಳಿಸುವ ಎರಡು ಬೈಟಿನ ಸಂಖ್ಯೆ ಇರುವುದು 11ನೇ ಸ್ಥಾನದಲ್ಲಿ, ಅಂದರೆ ಬೆಸ ವಿಳಾಸದಲ್ಲಿ.

ಪತ್ತೆ ಹೇಗೆ? ಆ ತಡೆ ಆನ್ ಆಗಿದ್ದರೆ ಆರ್ಮ್ ಲಿನಕ್ಸ್‌ನಲ್ಲಿ ಗೆರೆ ತಪ್ಪಿದ ಓದು ಕರ್ನಲ್ಲಿನ ಕೈಗೆ ಸಿಗುತ್ತದೆ, ಅದನ್ನು ಕರ್ನಲ್ ಸರಿಪಡಿಸಬಲ್ಲದು. ಕರ್ನಲ್ ಅಂಥ ಘಟನೆಗಳ ಲೆಕ್ಕವನ್ನು ಪ್ರಾಕ್ ಡೈರೆಕ್ಟರಿಯ ಅಲೈನ್‌ಮೆಂಟ್ ಫೈಲಿನಲ್ಲಿ ಇಡುತ್ತದೆ. ಸಾಮಾನ್ಯ ಪ್ರೋಗ್ರಾಮುಗಳದ್ದು ಒಂದು ಎಣಿಕೆ, ಕರ್ನಲ್ಲಿನದ್ದು ಬೇರೆ. ನೆಟ್‌ವರ್ಕ್ ಟ್ರಾಫಿಕ್ ಹರಿಯುವಾಗ ಮಾತ್ರ ಕರ್ನಲ್ಲಿನ ಎಣಿಕೆ ಏರಿದರೆ ಅನುಮಾನ ಎಲ್ಲಿಗೆ ಹೋಗಬೇಕೆಂದು ಗೊತ್ತಾಯಿತು. ಸಾಮಾನ್ಯ ಪ್ರೋಗ್ರಾಮು ಎಡವಿದಾಗ ಎಚ್ಚರಿಕೆ ಬರೆಯುವಂತೆಯೂ ಕರ್ನಲ್ಲಿಗೆ ಹೇಳಬಹುದು. ಆ ಎಚ್ಚರಿಕೆಯ ಸಾಲಿನಲ್ಲಿ ಎರಡು ವಿಳಾಸಗಳಿರುತ್ತವೆ: ತಪ್ಪಿದ ಸೂಚನೆ ಇರುವ ಜಾಗದ್ದು, ಅದು ಮುಟ್ಟಲು ಹೋದ ಮೆಮೊರಿಯದ್ದು. ಮೊದಲನೆಯದನ್ನು ಆ ಪ್ರೋಗ್ರಾಮಿನ ಸಿಂಬಲ್ ಪಟ್ಟಿಯೊಂದಿಗೆ ಹೋಲಿಸಿದರೆ ಫಂಕ್ಷನ್ನಿನ ಹೆಸರು ಸಿಗುತ್ತದೆ. ಎರಡನೆಯದರ ಕೊನೆಯ ಅಂಕಿ ಎಷ್ಟು ಬೈಟು ಜಾರಿದೆ ಎಂದು ಹೇಳುತ್ತದೆ.

ಮದ್ದು ಸರಳ. ಹಲವು ನೆಟ್‌ವರ್ಕ್ ಡ್ರೈವರುಗಳು ಪ್ಯಾಕೆಟ್ಟಿನ ಮುಂದೆ 2 ಬೈಟು ಖಾಲಿ ಬಿಡುತ್ತವೆ. 14 ಹೋಗಿ 16 ಆಗುತ್ತದೆ, ಐಪಿ ಹೆಡರ್ ಸರಿಯಾಗಿ ಕೂರುತ್ತದೆ. ಜಾಗ ಬದಲಿಸಲಾಗದ ಕಡೆ ಬೈಟು ಬೈಟಾಗಿ ಜೋಡಿಸಿ ಓದುವ ಫಂಕ್ಷನ್ನುಗಳು ಲಿನಕ್ಸ್‌ನಲ್ಲೇ ಇವೆ.

ಕರ್ನಲ್ ಹೇಗೂ ಸರಿಪಡಿಸುತ್ತದಲ್ಲ ಎಂದು ಸುಮ್ಮನಿರುವುದು ತರವಲ್ಲ. ಪ್ರತಿ ಸಲವೂ ಕೆಲಸ ನಿಲ್ಲಿಸಿ, ಸೂಚನೆಯನ್ನು ಬಿಡಿಸಿ ನೋಡಿ, ಮತ್ತೆ ಮುಂದುವರಿಯಬೇಕು. ಪ್ಯಾಕೆಟ್ಟಿಗೊಂದು ಸಲ ಹೀಗಾದರೆ ವೇಗ ಕುಸಿಯುತ್ತದೆ. ಆರ್ಮ್‌ನ ಆರನೇ ಆವೃತ್ತಿಯಿಂದೀಚೆಗೆ ಸಾಮಾನ್ಯ ಓದುಗಳನ್ನು ಹಾರ್ಡ್‌ವೇರೇ ನಿಭಾಯಿಸಬಲ್ಲದು ನಿಜ. ಆದರೆ ಸಾಧನಗಳ ರಿಜಿಸ್ಟರುಗಳಿರುವ ಮೆಮೊರಿಯಲ್ಲಿ ಆ ರಿಯಾಯಿತಿ ಇಲ್ಲ. ಜೆಪಿ ನಗರದಲ್ಲೋ ಬಿಟಿಎಂ ಲೇಔಟ್‌ನಲ್ಲೋ ಕೂತು ಪುಟ್ಟ ಬೋರ್ಡುಗಳಿಗೆ ಡ್ರೈವರ್ ಬರೆಯುವ ಯುವಕ ಯುವತಿಯರು ಇದನ್ನು ಮೊದಲೇ ಅರಿತಿರಲಿ. ಎಚ್ಚರಿಕೆಯನ್ನು ಅಡಗಿಸಬೇಡಿ, ಅದು ತೋರುವ ವಿಳಾಸದವರೆಗೆ ಹೋಗಿ ಕೋಡನ್ನೇ ತಿದ್ದಿ.