ಮಗಳ ಕೈಯಲ್ಲಿ ಮಾಯಾಲೋಕದ ಪ್ರೇಮಕಥೆ

ಕಾಲೇಜು ಮೆಟ್ಟಿಲು ಹತ್ತಿದ ಮಗಳು ಮನೆಯಲ್ಲಿದ್ದರೆ ಇದು ನಿಮಗೂ ಗೊತ್ತಿರುವ ಸಂಗತಿ. ಪರೀಕ್ಷೆ ಹತ್ತಿರ ಬಂದರೂ ಹುಡುಗಿಯ ಕೈಯಲ್ಲಿ ಒಂದು ದಪ್ಪ ಕಾದಂಬರಿ. ಅದರೊಳಗೆ ಪಿಶಾಚಿ, ಗಂಧರ್ವ, ಮಾಟಮಂತ್ರ; ನಡುವೆ ಪ್ರೇಮ! “ಅಷ್ಟು ಓದೂದು ಇದರಾಗ ಏನೈತಿ?” ಎಂದು ನಾವು ಗದರುತ್ತೇವೆ. ಏನಿದೆ ಎಂದು ಒಮ್ಮೆ ನೋಡೋಣವೇ?

ಇಂಥ ಕಥೆ ನಮಗೆ ಹೊಸದೇನಲ್ಲ. 1950ರ ದಶಕದಲ್ಲಿ ನಮ್ಮ ಬೆಳಗಾವಿಯಲ್ಲಿ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ ಅವರು ಕನ್ನಡದ ಅಡುಗೆಮನೆ, ಪಡಸಾಲೆಗಳ ಕಥೆಗಳನ್ನು ಕೂಡಿಹಾಕಿದರು. ಅದರಲ್ಲೊಂದು ಹೂಮರವಾಗುವ ಹುಡುಗಿಯ ಕಥೆ. 1992ರಲ್ಲಿ ಗಿರೀಶ ಕಾರ್ನಾಡರು ಇದನ್ನೇ ‘ಚೆಲುವಿ’ ಎಂಬ ಚಿತ್ರ ಮಾಡಿದರು.

ಬಡ ತಾಯಿಗೆ ನೆರವಾಗಲೆಂದು ಕಿರಿಮಗಳು ಮರವಾಗುತ್ತಾಳೆ. ಅಕ್ಕ ಒಂದು ಕೊಡ ನೀರು ಸುರಿದರೆ ಮರ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಹೂ ಕೀಳಬಹುದು, ಟೊಂಗೆ ಮುರಿಯಬಾರದು. ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ; ಅವಳು ಒಲ್ಲೆನೆಂದರೂ ಮರವಾಗೆಂದು ಹಟ ಹಿಡಿಯುತ್ತಾನೆ. ಆಮೇಲೆ ನಾದಿನಿಯೂ ಅದನ್ನೇ ಮಾಡಿಸಿ, ಟೊಂಗೆ ಮುರಿದು, ಅರ್ಧಕ್ಕೇ ಬಿಟ್ಟುಹೋಗುತ್ತಾಳೆ. ಕೈಕಾಲಿಲ್ಲದೆ ಉಳಿದ ಅವಳನ್ನು ಗಂಡ ಕೊನೆಗೆ ಗುರುತಿಸಿ, ಮುರಿದ ಟೊಂಗೆ ಕೂಡಿಸಿ, ನೀರೆರೆದು ಉಳಿಸಿಕೊಳ್ಳುತ್ತಾನೆ.

ಮಾಯೆ ಬರೀ ಮೇಲಿನ ಹೊದಿಕೆ. ಒಳಗಿರುವುದು ಒಂದೇ ಪ್ರಶ್ನೆ: ನನ್ನ ಟೊಂಗೆ ಮುರಿಯದ ಹಾಗೆ ನನ್ನನ್ನು ನೋಡಿಕೊಳ್ಳುವವರು ಇದ್ದಾರೆಯೇ? ಹದಿನಾರರ ಹುಡುಗಿ ಇದನ್ನು ಅಪ್ಪನ ಮುಂದೆ ಕೇಳಲಾರಳು, ಕಥೆಯಲ್ಲಿ ಹುಡುಕುತ್ತಾಳೆ. ಕಾರ್ನಾಡರ ‘ನಾಗಮಂಡಲ’ದ ರಾಣಿಯನ್ನೇ ನೋಡಿ. ಗಂಡ ಮನೆಗೆ ಬೀಗ ಹಾಕಿ ಹೋಗುತ್ತಾನೆ. ಅವನ ರೂಪದಲ್ಲಿ ಬಂದ ನಾಗಪ್ಪ ಅವಳೊಡನೆ ಅಕ್ಕರೆಯಿಂದ ಮಾತಾಡುತ್ತಾನೆ. ಅವಳಿಗೆ ಬೇಕಾದದ್ದು ಆ ನಾಲ್ಕು ಮಾತು.

ಹಾಗಂತ ಎಲ್ಲವನ್ನೂ ಒಪ್ಪಬೇಕಿಲ್ಲ. 2005ರಲ್ಲಿ ಅಮೆರಿಕದ ಸ್ಟೆಫನಿ ಮೆಯರ್ ಬರೆದ ‘ಟ್ವೈಲೈಟ್’ ನಮ್ಮ ಹುಡುಗಿಯರಿಗೂ ಪರಿಚಿತ. ಅದರಲ್ಲಿ ರಕ್ತ ಹೀರುವ ಕುಲದ ಚೆಲುವ ಎಡ್ವರ್ಡ್, ಹದಿನೇಳರ ಬೆಲ್ಲಾಳ ಕೋಣೆಗೆ ಅವಳಿಗೆ ತಿಳಿಯದಂತೆ ಬಂದು, ಮಲಗಿದವಳನ್ನು ನೋಡುತ್ತ ನಿಲ್ಲುತ್ತಾನೆ. ಕಥೆಯಲ್ಲಿ ಅದು ಪ್ರೇಮ. ನಮ್ಮೂರ ಓಣಿಯಲ್ಲಿ ಒಬ್ಬ ಹಾಗೆ ಮಾಡಿದರೆ? “ಎಲ್ಲಿದ್ದಿ? ಯಾರ ಜೋಡಿ ಇದ್ದಿ?” ಎಂದು ಗಳಿಗೆಗೊಮ್ಮೆ ಫೋನು ಮಾಡುವವನನ್ನು ಅಕ್ಕರೆಯವನೆಂದು ಹುಡುಗಿ ನಂಬಿಬಿಟ್ಟರೆ? ಅಪಾಯ ಇರುವುದು ಇಲ್ಲಿ, ಪಿಶಾಚಿಯಲ್ಲಲ್ಲ.

ಆದ್ದರಿಂದ ತಾಯಂದಿರೇ, ಪುಸ್ತಕ ಕಸಿದುಕೊಳ್ಳಬೇಡಿ. ಕಸಿದರೆ ಅದು ಹಾಸಿಗೆಯ ಕೆಳಗೆ ಸೇರುತ್ತದೆ, ಮಾತೂ ಅಲ್ಲಿಗೆ ನಿಲ್ಲುತ್ತದೆ. ಸಂಜೆ ಕಾಳು ಆರಿಸುವಾಗ, “ಆ ಕಥಿ ನನಗೂ ಹೇಳವ್ವಾ” ಅನ್ನಿ. ಕೇಳಿದ ಮೇಲೆ ಎರಡೇ ಪ್ರಶ್ನೆ ಹಾಕಿ. ಅವಳು ಒಲ್ಲೆ ಅಂದಾಗ ಅವನು ಕೇಳಿದನೇ? ಅವಳಿಗೆ ನೋವಾದಾಗ ಟೊಂಗೆ ಕೂಡಿಸಲು ಕೂತನೇ?

ನಾಳೆ ಹುಡುಗಿ ನೋಡಲು ಗಂಡಿನವರು ಬಂದಾಗ, ಬಂಗಾರ, ಹೊಲದ ಮಾತಿಗಿಂತ ಮೊದಲು ನಾವೂ ಕೇಳಬೇಕಾದ ಪ್ರಶ್ನೆ ಇವೇ ಅಲ್ಲವೇ?