ಕೆಲಸವಿಲ್ಲದ ಬ್ರೇಕಿಗೆ ತುಕ್ಕು

ಜರ್ಮನಿಯಲ್ಲಿ ಹೊಸದಾಗಿ ಕೊಂಡ ಕಾರನ್ನು ಮೂರು ವರ್ಷ ತುಂಬಿದಾಗ ಒಮ್ಮೆಯೂ, ಅನಂತರ ಎರಡೆರಡು ವರ್ಷಗಳಿಗೊಮ್ಮೆಯೂ ಸುರಕ್ಷತಾ ತಪಾಸಣೆಗೆ ಒಪ್ಪಿಸಬೇಕೆಂಬ ಕಟ್ಟುನಿಟ್ಟಾದ ನಿಯಮವುಂಟು. ವಿದ್ಯುತ್ ಕಾರುಗಳ ಸಂಖ್ಯೆ ಬೆಳೆದಂತೆಲ್ಲ ಅಲ್ಲಿಯ ಪರೀಕ್ಷಕರು ಮತ್ತೆ ಮತ್ತೆ ಎತ್ತಿ ತೋರಿಸುತ್ತಿರುವ ಒಂದು ದೋಷವು ಕಾರಿನ ಒಡೆಯರನ್ನು ಬೆರಗುಗೊಳಿಸುವಂಥದು: ಬ್ಯಾಟರಿ ಸುಸ್ಥಿತಿಯಲ್ಲಿದೆ, ಮೋಟಾರಿಗೆ ಯಾವ ಊನವೂ ಇಲ್ಲ, ಬ್ರೇಕಿನ ಪ್ಯಾಡುಗಳು ಹೊಸದಾಗಿದ್ದಾಗ ಎಷ್ಟು ದಪ್ಪವಿದ್ದುವೋ ಹೆಚ್ಚುಕಡಿಮೆ ಅಷ್ಟೇ ಇವೆ, ಆದರೆ ಹಿಂದಿನ ಗಾಲಿಗಳ ಡಿಸ್ಕುಗಳು ತುಕ್ಕು ತಿಂದು, ಬದಲಿಸದೆ ವಿಧಿಯಿಲ್ಲವೆಂಬ ಅವಸ್ಥೆಗೆ ಬಂದಿವೆ.

ಗಾಲಿಯೊಡನೆ ತಿರುಗುವ ಈ ತಟ್ಟೆಯನ್ನು ಸಾಮಾನ್ಯವಾಗಿ ಬೀಡುಕಬ್ಬಿಣದಿಂದ ಎರಕ ಹೊಯ್ಯುತ್ತಾರೆ. ಆ ಲೋಹವು ಅಗ್ಗವಾದುದು, ತೀವ್ರವಾದ ಉಷ್ಣವನ್ನು ಸಹಿಸಬಲ್ಲುದು. ಆದರೆ ತೇವಕ್ಕೂ ಗಾಳಿಗೂ ಏಕಕಾಲದಲ್ಲಿ ಸಿಕ್ಕಿದರೆ ಒಂದೇ ರಾತ್ರಿಯಲ್ಲಿ ಕೇಸರಿಬಣ್ಣದ ಪೊರೆಯೊಂದನ್ನು ಹೊದ್ದುಕೊಳ್ಳುವುದು ಅದರ ಸಹಜಗುಣ. ಪೆಟ್ರೋಲಿನ ಕಾರಿನಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಬೆಳಗ್ಗೆ ಮೊದಲ ನಾಲ್ಕಾರು ತಿರುವುಗಳಲ್ಲಿ ಬ್ರೇಕು ಒತ್ತುವಷ್ಟರಲ್ಲಿ ಪ್ಯಾಡುಗಳು ಆ ಪೊರೆಯನ್ನು ಒರೆಸಿ, ತಟ್ಟೆಯನ್ನು ಮತ್ತೆ ಬೆಳಗಿಬಿಡುತ್ತಿದ್ದುವು. ದಿನವೂ ಮಣ್ಣು ಅಗೆಯುವ ಗುದ್ದಲಿಯ ಅಲಗು ಹೇಗೆ ಹೊಳೆಯುತ್ತಲೇ ಇರುವುದೋ ಹಾಗೆ ಡಿಸ್ಕಿನ ಆರೋಗ್ಯವೂ ಅದರ ಸವೆತವನ್ನೇ ನಂಬಿಕೊಂಡಿತ್ತು.

ವಿದ್ಯುತ್ ಕಾರು ಈ ಸವೆತವನ್ನೇ ಕಸಿದುಕೊಂಡಿತು. ಚಾಲಕನು ಕಾಲನ್ನು ಸಡಿಲಿಸಿದೊಡನೆ, ಅದುವರೆಗೆ ಗಾಲಿಯನ್ನು ತಿರುಗಿಸುತ್ತಿದ್ದ ಮೋಟಾರು ತಾನೇ ಗಾಲಿಯಿಂದ ತಿರುಗಿಸಿಕೊಳ್ಳುತ್ತ ವಿದ್ಯುಜ್ಜನಕವಾಗಿ ಪರಿಣಮಿಸಿ, ಘರ್ಷಣೆಯಲ್ಲಿ ಉಷ್ಣವಾಗಿ ವ್ಯರ್ಥವಾಗುತ್ತಿದ್ದ ಚಲನಶಕ್ತಿಯ ಬಹುಭಾಗವನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ವೇಗವೂ ಆ ಮೂಲಕವೇ ತಗ್ಗುತ್ತದೆ. ಪೋರ್ಷೆ ಕಂಪನಿಯು ತನ್ನ ಟೈಕಾನ್ ಕಾರಿನಲ್ಲಿ ದಿನನಿತ್ಯದ ವೇಗತಡೆಯ ಸುಮಾರು ಶೇಕಡಾ 90ರಷ್ಟು ಕೆಲಸವು ಪ್ಯಾಡು ಡಿಸ್ಕನ್ನು ಮುಟ್ಟದೆಯೇ ನೆರವೇರುವುದೆಂದು ಹೇಳಿಕೊಂಡಿದೆ. ಇದು ಹೆಮ್ಮೆಪಡತಕ್ಕ ಸಾಧನೆಯೇ ಸರಿ. ಅದರ ಮತ್ತೊಂದು ಮುಖವನ್ನು ಜಾಹೀರಾತುಗಳಲ್ಲಿ ಹುಡುಕುವುದು ಮಾತ್ರ ವ್ಯರ್ಥ.

ಇನ್ನು ಹಿಂದಿನ ಗಾಲಿಗಳಿಗೇ ಈ ದುರವಸ್ಥೆ ಏಕೆಂಬ ಪ್ರಶ್ನೆ. ಓಡುವ ವಾಹನವನ್ನು ತಡೆದಾಗ ಅದರ ಭಾರವು ಮುಂದಕ್ಕೆ ವಾಲುವುದರಿಂದ ಯಾವ ಕಾರಿನಲ್ಲಿಯೂ ಮುಂದಿನ ಬ್ರೇಕುಗಳೇ ಹೆಚ್ಚಿನ ಹೊರೆಯನ್ನು ಹೊರುತ್ತವೆ. ಅದರ ಮೇಲೆ ಎಷ್ಟೋ ವಿದ್ಯುತ್ ಕಾರುಗಳಲ್ಲಿ ಮೋಟಾರು ಇರುವುದು ಹಿಂದಿನ ಅಚ್ಚಿನಲ್ಲಿಯೇ. ಹಿಂದಿನ ಬ್ರೇಕಿಗೆ ಉಳಿದಿದ್ದ ಅಲ್ಪಸ್ವಲ್ಪ ಕೆಲಸವನ್ನೂ ಅದು ನಿರ್ವಹಿಸಿಬಿಡುತ್ತದೆ. ಉತ್ತರ ಯುರೋಪಿನ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು ನೀರಿನೊಡನೆ ಸಿಡಿದು ತಟ್ಟೆಗೆ ಅಂಟಿಕೊಂಡಾಗ, ಮೇಲ್ಮೈಯ ಪೊರೆಯಾಗಿದ್ದ ತುಕ್ಕು ಲೋಹದೊಳಕ್ಕೆ ಇಳಿದು ಸಣ್ಣ ಸಣ್ಣ ಕುಳಿಗಳನ್ನು ಕೊರೆಯುತ್ತದೆ. ಆ ಹಂತವನ್ನು ದಾಟಿದ ಮೇಲೆ ಪ್ಯಾಡು ತುಕ್ಕನ್ನು ಒರೆಸಲಾರದು. ಬದಲಾಗಿ ತುಕ್ಕೇ ಪ್ಯಾಡಿನ ಮೇಲೆ ಗೀರುಗಳನ್ನೆಳೆಯುತ್ತದೆ, ಪ್ಯಾಡು ತಟ್ಟೆಯನ್ನು ಮುಟ್ಟುವ ಪಟ್ಟಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ, ಬ್ರೇಕು ಒತ್ತಿದಾಗ ನರಳುವ ಸದ್ದು ಕೇಳಿಬರುತ್ತದೆ. ಇದಕ್ಕಿಂತಲೂ ವಿಚಿತ್ರವಾದುದು ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಪಿನ್ನುಗಳು ತುಕ್ಕಿನಿಂದ ಬಿಗಿದುಕೊಂಡಾಗ ಸಂಭವಿಸುವುದು: ಆಗ ಒಂದು ಪಕ್ಕದ ಪ್ಯಾಡು ಹಿಂದಕ್ಕೆ ಸರಿಯಲಾರದೆ ಸದಾ ಉಜ್ಜುತ್ತಲೇ ಇದ್ದು, ಕೆಲಸವಿಲ್ಲದೆ ಕೆಟ್ಟ ಬ್ರೇಕು ವಿಪರೀತ ಸವೆತದಿಂದಲೂ ಕೆಡುತ್ತದೆ.

ಹಿಂದಿನ ಗಾಲಿಗೆ ಹಳೆಯ ಡ್ರಮ್ ಬ್ರೇಕನ್ನೇ ಮರಳಿ ತಂದವರು ಮೂರ್ಖರಲ್ಲವೆಂದು ನನಗೆ ತೋರುವುದು ಈ ಕಾರಣದಿಂದ. 1953ರಲ್ಲಿ ಫ್ರಾನ್ಸಿನ ಲೆ ಮಾನ್ ಪಂದ್ಯದಲ್ಲಿ ಡಿಸ್ಕು ಬ್ರೇಕು ತೊಟ್ಟ ಜಾಗ್ವಾರ್ ಕಾರು ಗೆದ್ದ ತರುವಾಯ, ಕಾದರೆ ಹಿಡಿತ ಕಳೆದುಕೊಳ್ಳುವ ಡ್ರಮ್ಮು ಹಿಂದುಳಿದವರ ಸಾಧನವೆಂಬ ಭಾವನೆ ಕ್ರಮೇಣ ಬೇರೂರಿತು. ಆದರೆ ವಿದ್ಯುತ್ ಕಾರಿನ ಹಿಂದಿನ ಗಾಲಿಯಲ್ಲಿ ಕಾಯುವ ಪ್ರಸಂಗವೇ ವಿರಳ. ಮುಚ್ಚಿದ ಡ್ರಮ್ಮಿನೊಳಕ್ಕೆ ಕೆಸರುನೀರಾಗಲಿ ಉಪ್ಪಾಗಲಿ ಸುಲಭವಾಗಿ ನುಗ್ಗಲಾರವು. ಫೋಕ್ಸ್‌ವ್ಯಾಗನ್ 2020ರಲ್ಲಿ ಮಾರುಕಟ್ಟೆಗೆ ತಂದ ಐಡಿ.3 ಕಾರಿಗೆ ಹಿಂದೆ ಡ್ರಮ್ಮುಗಳನ್ನಿಟ್ಟಾಗ ಅದನ್ನು ಜಿಪುಣತನವೆಂದು ಹಳಿದವರುಂಟು. ನಮ್ಮ ದೇಶದಲ್ಲಿ ಅದೇ ವರ್ಷ ಬಂದ ಟಾಟಾ ನೆಕ್ಸಾನ್ ಇವಿಗೂ ಹಿಂದೆ ಡ್ರಮ್ಮುಗಳೇ ಇದ್ದುವು. ಎರಡು ವರ್ಷಗಳ ತರುವಾಯ ನೆಕ್ಸಾನ್ ಇವಿ ಮ್ಯಾಕ್ಸ್ ನಾಲ್ಕು ಗಾಲಿಗೂ ಡಿಸ್ಕು ತೊಟ್ಟು ಬಂದಾಗ ಕೊಳ್ಳುವವರು ಅದನ್ನು ಬಡ್ತಿಯೆಂದೇ ಭಾವಿಸಿರಬೇಕು. ಮಂಗಳೂರಿನಿಂದ ಕಾರವಾರದವರೆಗಿನ ಕಡಲ ಗಾಳಿಯಲ್ಲಿ ಮಳೆಗಾಲವಿಡೀ ಬಯಲಲ್ಲಿ ನಿಲ್ಲುವ ಕಾರಿಗೆ ಅದು ಬಡ್ತಿಯೋ ಅಲ್ಲವೋ ಎಂಬುದು ಬೇರೆ ಮಾತು.

ಕಾನೂನೂ ಈ ವಿಷಯದೊಳಕ್ಕೆ ಕಾಲಿಟ್ಟಿದೆ. ಯುರೋಪಿನ ಒಕ್ಕೂಟವು 2024ರಲ್ಲಿ ಅಂಗೀಕರಿಸಿದ ಯುರೋ 7 ನಿಯಮವು ಬ್ರೇಕಿನ ಧೂಳಿಗೂ ಮೊದಲ ಬಾರಿಗೆ ಮಿತಿ ಹಾಕಿ, ಸಂಪೂರ್ಣ ವಿದ್ಯುತ್ ಕಾರುಗಳಿಗೆ ಕಿಲೋಮೀಟರಿಗೆ 3 ಮಿಲಿಗ್ರಾಮಿನಷ್ಟನ್ನು ಮಾತ್ರ ಅನುಮತಿಸಿದೆ. ಧೂಳನ್ನು ತಗ್ಗಿಸಲೆಂದು ಡಿಸ್ಕಿನ ಮೇಲೆ ಲೇಪಿಸುವ ಗಡಸು ಪದರವು ತುಕ್ಕನ್ನೂ ತಡೆಯುವುದರಿಂದ ಎರಡು ತೊಂದರೆಗಳಿಗೆ ಒಂದೇ ಚಿಕಿತ್ಸೆ ದೊರೆಯಬಹುದು, ಬೆಲೆ ಮಾತ್ರ ಏರೀತು.

ಅದುವರೆಗೆ ಒಡೆಯನೇ ಬ್ರೇಕಿಗೆ ಕೆಲಸ ಕೊಡತಕ್ಕದ್ದು. ವಾರಕ್ಕೊಮ್ಮೆ, ಹಿಂದೆ ಯಾರೂ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ತೆರವಾದ ರಸ್ತೆಯಲ್ಲಿ ನಾಲ್ಕಾರು ಸಲ ಬ್ರೇಕನ್ನು ಬಲವಾಗಿ ಒತ್ತುವುದು ಒಳ್ಳೆಯದು. ಕಾರಿನ ಕೈಪಿಡಿ ಒಪ್ಪುವುದಾದರೆ ನ್ಯೂಟ್ರಲ್ಲಿಗೆ ಹಾಕಿ ಒತ್ತಿದಾಗ ಮೋಟಾರು ನಡುವೆ ಬರುವುದಿಲ್ಲ. ಬ್ಯಾಟರಿ ಪೂರ್ಣ ತುಂಬಿರುವಾಗಲೂ ಮೋಟಾರು ಶಕ್ತಿಯನ್ನು ಹಿಂದಕ್ಕೆ ಪಡೆಯಲಾರದಾದುದರಿಂದ ಡಿಸ್ಕುಗಳಿಗೆ ತಾನಾಗಿಯೇ ಕೆಲಸ ಬೀಳುತ್ತದೆ. ಕಾರು ತೊಳೆದೊಡನೆ ಹಾಗೆಯೇ ನಿಲ್ಲಿಸದೆ, ಸ್ವಲ್ಪ ದೂರ ಓಡಿಸಿ ಬ್ರೇಕನ್ನು ಒಣಗಿಸಬೇಕು. ಉಪ್ಪು ಚೆಲ್ಲುವ ನಾಡುಗಳಲ್ಲಿ ವರ್ಷಕ್ಕೊಮ್ಮೆ ಅಥವಾ 20,000 ಕಿಲೋಮೀಟರಿಗೊಮ್ಮೆ ಕ್ಯಾಲಿಪರುಗಳನ್ನು ಶುದ್ಧಿಗೊಳಿಸಿ ಎಣ್ಣೆಗ್ರೀಸು ಕಾಣಿಸಬೇಕೆಂದು ಟೆಸ್ಲಾ ಕಂಪನಿಯೇ ಸೂಚಿಸುತ್ತದೆ. ಹೊರಗಿನಿಂದ ಕಾಣುವ ಕೇಸರಿ ಪೊರೆಗೆ ಅಂಜಬೇಕಾಗಿಲ್ಲ. ಹತ್ತು ಸಲ ಬಲವಾಗಿ ಒತ್ತಿದ ಮೇಲೂ ತಟ್ಟೆಯ ಮೇಲೆ ಕಂದು ಪಟ್ಟೆಗಳು ಉಳಿದರೆ ಮೆಕ್ಯಾನಿಕ್ಕಿನಿಂದ ಗಾಲಿ ಬಿಚ್ಚಿಸಿ, ನಮ್ಮ ಕಣ್ಣಿಗೆ ಬೀಳದ ಒಳಮೈಯನ್ನೂ ನೋಡಿಸತಕ್ಕದ್ದು.