ಎಸೆದಷ್ಟೂ ಶುದ್ಧವೇ?

ಮಾಲಿನ್ಯ ಎಂದಾಗ ನಮಗೆ ಕಾರ್ಖಾನೆ, ಲಾರಿ, ಉಷ್ಣ ವಿದ್ಯುತ್ ಸ್ಥಾವರ ನೆನಪಾಗುತ್ತವೆ. ಆಸ್ಪತ್ರೆ ಆ ಪಟ್ಟಿಗೆ ಸೇರುವುದೇ ಇಲ್ಲ. ಹೆಲ್ತ್ ಕೇರ್ ವಿದೌಟ್ ಹಾರ್ಮ್ ಸಂಸ್ಥೆ 2019ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ 4.4 ಪಾಲು ಆರೋಗ್ಯ ಕ್ಷೇತ್ರದ್ದು. ಅದರಲ್ಲೂ ಹೆಚ್ಚಿನದು ಔಷಧಿ, ಉಪಕರಣ, ಪ್ಲಾಸ್ಟಿಕ್ ಸಾಮಗ್ರಿಗಳನ್ನು ತಯಾರಿಸಿ, ಸಾಗಿಸಿ, ವಿಲೇವಾರಿ ಮಾಡುವ ಸರಪಳಿಯಿಂದ ಬರುವಂಥದ್ದು. ಇದನ್ನು ತಗ್ಗಿಸೋಣ ಎಂದೊಡನೆ ಕೆಲವು ಹಳೆಯ ನಂಬಿಕೆಗಳು ಅಡ್ಡ ನಿಲ್ಲುತ್ತವೆ.

ನಂಬಿಕೆ: ಒಮ್ಮೆ ಬಳಸಿ ಎಸೆದರೆ ಮಾತ್ರ ರೋಗಿ ಸುರಕ್ಷಿತ.

ಸತ್ಯ: ಇದಕ್ಕೆ ಉತ್ತರ ನಮ್ಮ ಪಕ್ಕದಲ್ಲೇ ಇದೆ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಮಧುರೆಯಲ್ಲಿ ಆರಂಭಿಸಿದ ಅರವಿಂದ್ ಕಣ್ಣಿನ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಬಟ್ಟೆಯ ಗೌನು, ಹೊದಿಕೆಗಳನ್ನು ಒಗೆದು, ಸೋಂಕು ತೆಗೆದು ಮತ್ತೆ ಬಳಸುತ್ತಾರೆ. ಉಪಕರಣಗಳನ್ನು ಉಗಿಯ ಒತ್ತಡದಲ್ಲಿ ಶುದ್ಧಗೊಳಿಸುತ್ತಾರೆ. ಒಂದು ಬಾಟಲಿಯ ಕಣ್ಣಿನ ಹನಿ ಹಲವು ರೋಗಿಗಳಿಗಾಗುತ್ತದೆ. ಒಂದೇ ಕೊಠಡಿಯಲ್ಲಿ ಎರಡು ಮೇಜು. ಒಂದರ ಮೇಲೆ ಶಸ್ತ್ರಚಿಕಿತ್ಸೆ ನಡೆಯುವಾಗ ಇನ್ನೊಂದರಲ್ಲಿ ಮುಂದಿನ ರೋಗಿ ಸಿದ್ಧ. ಪುದುಚೇರಿಯ ಅರವಿಂದ್ ಆಸ್ಪತ್ರೆಯ ಮೇಲೆ 2017ರಲ್ಲಿ ಪ್ರಕಟವಾದ ಅಧ್ಯಯನ, ಅಲ್ಲಿನ ಒಂದು ಶಸ್ತ್ರಚಿಕಿತ್ಸೆಯ ಇಂಗಾಲದ ಹೊರೆ ಸುಮಾರು 6 ಕಿಲೋ ಎಂದು ಕಂಡುಕೊಂಡಿತು. ಬ್ರಿಟನ್ನಿನಲ್ಲಿ ಇದೇ ಚಿಕಿತ್ಸೆಗೆ ಆಗುವ ಹೊರೆಯ ಶೇ 5ರಷ್ಟು ಮಾತ್ರ ಅದು.

ಹಾಗಾದರೆ ಸೋಂಕು? ಅರವಿಂದ್ ಆಸ್ಪತ್ರೆಗಳ 6 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ದಾಖಲೆಯನ್ನು ಪರಿಶೀಲಿಸಿದಾಗ, ಕಣ್ಣಿನೊಳಗೆ ಪ್ರತಿಜೀವಕ ಕೊಡುವ ಪದ್ಧತಿ ಬಂದ ಮೇಲೆ ತೀವ್ರ ಸೋಂಕಿನ ಪ್ರಮಾಣ ಶೇ 0.02. ಅಂದರೆ ಹತ್ತು ಸಾವಿರ ಕಣ್ಣಿಗೆ ಎರಡು. ಶ್ರೀಮಂತ ದೇಶದ ಯಾವ ಆಸ್ಪತ್ರೆಯೂ ಹೆಮ್ಮೆಪಡುವ ಅಂಕಿ ಇದು. ರೋಗಿಯನ್ನು ಕಾಪಾಡಿದ್ದು ಶಿಸ್ತು. ಕಸದ ಬುಟ್ಟಿ ತುಂಬಿದಷ್ಟೂ ಸುರಕ್ಷತೆ ಹೆಚ್ಚುತ್ತದೆ ಎಂಬುದಕ್ಕೆ ಇಲ್ಲಿ ಆಧಾರವಿಲ್ಲ. ಒಂದು ಎಚ್ಚರ ಮಾತ್ರ ಬೇಕೇ ಬೇಕು: ಸೂಜಿ, ಸಿರಿಂಜುಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅವನ್ನು ಇನ್ನೊಬ್ಬರಿಗೆ ಬಳಸುವುದು ಪ್ರಾಣಾಪಾಯ.

ನಂಬಿಕೆ: ಆಸ್ಪತ್ರೆಯ ಕಸವೆಲ್ಲ ವಿಷ, ಸುಟ್ಟುಬಿಡಬೇಕು.

ಸತ್ಯ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸುಮಾರು ಶೇ 85 ಭಾಗ ಮನೆಯ ಕಸದಂಥದ್ದೇ: ಕಾಗದ, ರಟ್ಟು, ಊಟದ ಉಳಿಕೆ. ನಮ್ಮ ದೇಶದ 2016ರ ನಿಯಮಗಳು ಅಪಾಯಕಾರಿ ಭಾಗವನ್ನು ಬಣ್ಣಗಳಲ್ಲಿ ಬೇರ್ಪಡಿಸುತ್ತವೆ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ, ಸಲೈನ್ ಕೊಳವೆಯಂಥ ಪ್ಲಾಸ್ಟಿಕ್ ಕೆಂಪಿಗೆ, ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಕೆಂಪು ಚೀಲದ್ದನ್ನು ಸೋಂಕು ತೆಗೆದು, ಚೂರು ಮಾಡಿ ಮರುಬಳಕೆಗೆ ಕಳಿಸಬಹುದು. ಅದೇ ಪ್ಲಾಸ್ಟಿಕ್ಕು, ಅದರಲ್ಲೂ ಪಿವಿಸಿ, ಹಳದಿ ಚೀಲಕ್ಕೆ ಬಿದ್ದು ಸರಿಯಾಗಿ ಉರಿಯದಿದ್ದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಸೋಂಕಿನ ಕಸ ಒಂದು ಹಿಡಿ ಬೆರೆತರೂ ಸಾಮಾನ್ಯ ಕಸದ ಇಡೀ ಚೀಲ ಅಪಾಯಕಾರಿಯಾಗುತ್ತದೆ. ವಾರ್ಡಿನಲ್ಲಿ ಕಸ ಬೇರ್ಪಡಿಸುವ ಆಯಾಗಳು, ಪೌರಕಾರ್ಮಿಕರು ಮಾಡುವುದು ಪರಿಸರದ ಕೆಲಸವೇ. ಅವರಿಗೆ ಕೈಗವಸು, ತರಬೇತಿ, ಗೌರವ ಮೂರೂ ಸಿಗಬೇಕು.

ನಂಬಿಕೆ: ಇದೆಲ್ಲ ದುಡ್ಡಿದ್ದವರ ಮಾತು, ಬಡ ಆಸ್ಪತ್ರೆಗೆ ಹೊರೆ.

ಸತ್ಯ: ಛತ್ತೀಸಗಢದಲ್ಲಿ ನೂರಾರು ಪ್ರಾಥಮಿಕ ಆರೋಗ್ಯ ಕೇಂದ್ರಗಳು ಸೌರವಿದ್ಯುತ್ ಪಡೆದವು. ಅಂಥ ಕೇಂದ್ರಗಳಲ್ಲಿ, ಸೌರಫಲಕವಿಲ್ಲದವುಗಳಿಗೆ ಹೋಲಿಸಿದರೆ, ಹೆಚ್ಚು ಹೆರಿಗೆಗಳು ನಡೆಯುತ್ತಿದ್ದವು ಎಂದು ಅಧ್ಯಯನವೊಂದು ಕಂಡಿತು. ಕರೆಂಟು ಹೋದ ರಾತ್ರಿಯಲ್ಲೂ ದೀಪ ಉರಿಯುತ್ತದೆ, ಲಸಿಕೆ ತಂಪಾಗಿರುತ್ತದೆ ಎಂದರೆ ಹಳ್ಳಿಯ ತಾಯಿಗೆ ಅದೇ ದೊಡ್ಡ ಚಿಕಿತ್ಸೆ.

ನಂಬಿಕೆ: ರೋಗಿ ಇದರಲ್ಲಿ ಏನೂ ಮಾಡಲಾರ.

ಸತ್ಯ: ಸುಸ್ತು ಎಂದೊಡನೆ "ಒಂದು ಗ್ಲೂಕೋಸ್ ಹಾಕಿಬಿಡಿ ಡಾಕ್ಟ್ರೇ" ಎನ್ನುವುದು ನಮ್ಮಲ್ಲಿ ರೂಢಿ. ಬಾಯಿಂದ ನೀರು ಇಳಿಯುವವರಿಗೆ ಓಆರ್‌ಎಸ್ ಸಾಕಾಗುವಲ್ಲಿ ಡ್ರಿಪ್ ಏರಿಸಿದರೆ ಬಾಟಲಿ, ಕೊಳವೆ, ಸೂಜಿ ಎಲ್ಲವೂ ಕಸಕ್ಕೆ. ದುಡ್ಡು ಹೋಗುವುದು ಬೇರೆ. ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಸೂಜಿ ಕೇಳುವ ಮೊದಲು, ಮಾತ್ರೆ ಸಾಕಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ.